ಆರಡಿ ಕೊಳಲಿಗೆ ಎಣ್ಣೆಸ್ನಾನ

ಇವತ್ತು ಬೆಳಿಗ್ಗೆ ತಲೆಗೆ ಎರಡು ಹನಿ ಎಣ್ಣೆ ಹಚ್ಚಿಕೊಳ್ಳೋಣವೆಂದು ಬಾಟಲಿ ಬಗ್ಗಿಸಿದರೆ ಬೀಳಲಿಲ್ಲ. ಅಲ್ಲಾಡಿಸಿದೆ. ಬುಡಕ್ಕೆ ಗುದ್ದಿದೆ. ಚಮಚದ ಹಿಡಿಯನ್ನು ಬಾಟಲಿಯ ಬಾಯಿಗೆ ತುರುಕಿ ಕೆದಕಿದೆ; ಚಮಚ ಅಲ್ಲೇ ನೆಟ್ಟಗೆ ನಿಂತಿತೇ ವಿನಾ ಎಣ್ಣೆ ಹೊರಗೆ ಬರಲಿಲ್ಲ. ಕಿಟಕಿಯ ಹೊರಗೆ ಮೊಟ್ಟೆ ಒಡೆದು ಹಾಕಿದರೆ ಬೇಯುವಷ್ಟು ಬಿಸಿಲು, ಕಿಟಕಿಯ ಒಳಗೆ ಎಸಿಯ ಚಳಿಗೆ ತೆಂಗಿನೆಣ್ಣೆ ಕಲ್ಲು. ಬಹರೈನಿನ ಸಂಸಾರ ಅಂದರೆ ಇಷ್ಟೇ ನೋಡಿ.

"ಈ ದೇಶಕ್ಕೆ ಬಂದು ಎಷ್ಟು ವರ್ಷ ಆಯ್ತು ನಿಮಗೆ?" ಅಡುಗೆಮನೆಯಿಂದ ನನ್ನ ಹೆಂಡತಿ ಐರಿನ್ ಕೇಳಿದಳು. "ಬಾಲ್ಕನಿಯಲ್ಲಿ ಇಡಿ ಮಾರಾಯ್ರೆ, ಐದು ನಿಮಿಷ. ಅಷ್ಟೆಲ್ಲ ಆದ ಮೇಲೂ ಬುದ್ಧಿ ಬರ್ಲಿಲ್ವಾ?"

ನಮ್ಮ ಮನೆಯಲ್ಲಿ ಪ್ರೀತಿಗೆ ಕೊಂಕಣಿ, ಜಗಳಕ್ಕೆ ಕನ್ನಡ. ಕನ್ನಡ ಶಾಲೆಯಲ್ಲಿ ಕಲಿತವರಿಬ್ಬರೂ. ಬೈಗುಳ, ಗಾದೆ, ವ್ಯಾಕರಣ ಮೂರೂ ಅಲ್ಲಿಂದಲೇ ಬಂದದ್ದು. ಆದ್ದರಿಂದ ಅವಳು ಬೆಳಿಗ್ಗೆ ಬೆಳಿಗ್ಗೆ ಕನ್ನಡ ತೆಗೆದಳೆಂದರೆ ನಾನು ತೆಪ್ಪಗಿರುವುದು ಲೇಸು. ಬಾಟಲಿ ಬಾಲ್ಕನಿಯಲ್ಲಿಟ್ಟು ಬಂದು ಕುಳಿತೆ. ಕುಳಿತರೆ ನೆನಪಾಗುವುದು ಇನ್ನೇನು, ಅದೇ. ಯಾನೊನ ಪೀಪಿ ಪುರಾಣ.

ನಾವಿರುವುದು ಮಾಹೂಝ್‌ನ ಒಂದು ಕಟ್ಟಡದ ಎರಡನೆಯ ಮಾಳಿಗೆಯಲ್ಲಿ. ನಾನು ಸೀಫ್‌ನ ಒಂದು ಕಂಪೆನಿಯಲ್ಲಿ ಪತ್ರ ಬರೆಯುವ ಗುಮಾಸ್ತ, ಐರಿನ್ ಕ್ಲಿನಿಕ್ಕಿನಲ್ಲಿ ನರ್ಸ್. ಕೆಳಗೆ ನೆಲ ಅಂತಸ್ತಿನಲ್ಲಿ ಹಮೀದ್ ಬ್ಯಾರಿಯ ಕೋಲ್ಡ್ ಸ್ಟೋರ್. ಹೆಸರು ಹಾಗಿದ್ದರೂ ಬ್ರೆಡ್ಡು, ಸಾಬೂನು, ಕುಚ್ಚಲಕ್ಕಿ ಎಲ್ಲ ಸಿಗುವ ಸಾದಾ ಕಿರಾಣಿ ಅಂಗಡಿ ಅದು. ಅವರು ನಮ್ಮ ಊರಿನ ಕಡೆಯವರೇ. ನನ್ನನ್ನು 'ಪೊರ್ಬುಗಳೇ' ಎಂದು ಕರೆಯುತ್ತಾರೆ, ನಾನು ಅವರನ್ನು 'ಬ್ಯಾರಿಗಳೇ' ಎನ್ನುತ್ತೇನೆ. ಕರಾವಳಿಯ ಕ್ರಿಸ್ತುವರಿಗೂ ಬ್ಯಾರಿಗಳಿಗೂ ನಡುವಿನ ಹಳೆಯ ಮರ್ಯಾದೆ, ಸಮುದ್ರ ದಾಟಿಯೂ ಕೆಟ್ಟಿಲ್ಲ.

ಇನ್ನು ನಮ್ಮ ನೆತ್ತಿಯ ಮೇಲೆ, ಮೂರನೆಯ ಮಾಳಿಗೆಯಲ್ಲಿ, ಯಾನೊ. ಸ್ಲೊವಾಕಿಯಾದವನು. ಐವತ್ತರ ಆಸುಪಾಸು, ಒಂಟಿ, ಅವಾಲಿಯ ಕಡೆ ಯಾವುದೋ ಕಾಂಟ್ರ್ಯಾಕ್ಟಿನಲ್ಲಿ ಇಂಜಿನಿಯರು. ಸ್ಲೊವಾಕಿಯಾ ಎಲ್ಲಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾವು ಶಾಲೆಯಲ್ಲಿ ಭೂಪಟ ತುಂಬುವಾಗ ಅದು ಜೆಕೊಸ್ಲೊವಾಕಿಯಾ. ಅಷ್ಟುದ್ದದ ಹೆಸರನ್ನು ಅಷ್ಟಗಲದ ಜಾಗದಲ್ಲಿ ಹಿಡಿಸಲಾಗದೆ ಪಕ್ಕದ ಎರಡು ದೇಶಗಳಿಗೂ ಹರಡಿ ಬರೆದು ಮಾಷ್ಟ್ರ ಕೈಯಲ್ಲಿ ಪೆಟ್ಟು ತಿಂದವನು ನಾನು. ಆಮೇಲೆ ಅವರವರೇ ಎರಡು ಪಾಲು ಮಾಡಿಕೊಂಡರಂತೆ. ಮೊದಲೇ ಮಾಡಿಕೊಳ್ಳಲು ಏನಾಗಿತ್ತು ಇವರಿಗೆ!

ಯಾನೊನನ್ನು ನಾನು ಮೊದಲು ಕಂಡದ್ದು ಲಿಫ್ಟಿನಲ್ಲಿ. ಆರಡಿ ಉದ್ದದ ಮರದ ಕೊಳವೆಯೊಂದನ್ನು ಓರೆಯಾಗಿ ಹಿಡಿದು, ಅದರ ತುದಿ ಲಿಫ್ಟಿನ ದೀಪಕ್ಕೆ ತಾಗದಂತೆ ಒದ್ದಾಡುತ್ತಿದ್ದ. ನಾನು ಪ್ಲಂಬರ್ ಅಂದುಕೊಂಡೆ. ಅಂದುಕೊಂಡದ್ದಷ್ಟೇ ಆಗಿದ್ದರೆ ಅಡ್ಡಿಯಿಲ್ಲ, "ನಮ್ಮ ಸಿಂಕ್ ಸೋರುತ್ತಿದೆ, ಹೋಗುವಾಗ ಬಂದು ನೋಡಿ ಹೋಗಿ" ಎಂದೂ ಹೇಳಿಬಿಟ್ಟೆ. ಅವನು ಬಂದ! ಸಿಂಕನ್ನು ರಿಪೇರಿ ಮಾಡಿ, ಕೈ ಒರೆಸಿಕೊಂಡು, ಆಮೇಲೆ ಹೇಳಿದ, ಇದು ಪೈಪ್ ಅಲ್ಲ, ವಾದ್ಯ ಎಂದು. ಫುಯಾರಾ. ಅವರ ಬೆಟ್ಟಗಳಲ್ಲಿ ಕುರಿ ಮೇಯಿಸುವವರ ಕೊಳಲು. ಉದ್ದದ ಕೊಳವೆಯ ಬೆನ್ನಿಗೆ ಒಂದು ಗಿಡ್ಡ ಕೊಳವೆ ಕಟ್ಟಿರುತ್ತಾರೆ. ಗಿಡ್ಡದರಲ್ಲಿ ಊದಿದ ಉಸಿರು ಮೇಲಕ್ಕೆ ಹೋಗಿ, ಸಣ್ಣ ಸೀಳಿನಲ್ಲಿ ನುಗ್ಗಿ, ಉದ್ದದರಲ್ಲಿ ಇಳಿದು ಬರಬೇಕು. ಇಷ್ಟೆಲ್ಲ ಸರ್ಕಸ್ಸಿಗೆ ಬೆರಳಿಡಲು ಇರುವುದು ಮೂರೇ ತೂತು.

ಮೂರೇ ತೂತಿನಿಂದ ಮನುಷ್ಯನಿಗೆ ಎಷ್ಟು ಉಪದ್ರ ಕೊಡಬಹುದು ಎಂಬುದು ಮರುದಿನ ಗೊತ್ತಾಯಿತು. ನಾನು ಸೀಫ್‌ನಿಂದ ಟ್ರಾಫಿಕ್ಕಿನಲ್ಲಿ ಸೊರಗಿ ಬಂದು ಸೋಫಾದಲ್ಲಿ ಅಡ್ಡಾಗುವುದು ನಾಲ್ಕೂವರೆಗೆ. ಒಂದು ಜೊಂಪು ಹತ್ತುವುದು ಐದಕ್ಕೆ. ಐದಕ್ಕೆ ಸರಿಯಾಗಿ ಮೇಲಿನಿಂದ ಶುರು. ಮೊದಲು ಒಂದೇ ಉಸಿರಿಗೆ ಎತ್ತರದ ಸ್ವರದಿಂದ ತಳದವರೆಗೆ ದಡದಡ ಸುರಿಸುತ್ತಾನೆ. ಅದಕ್ಕೊಂದು ಹೆಸರೂ ಇದೆಯಂತೆ, ರೊಸ್‌ಫುಕ್. ಕುರಿ ಕಾಯುವವನು ಎದುರು ಬೆಟ್ಟದವನಿಗೆ 'ನಾನಿಲ್ಲಿದ್ದೇನೆ' ಎಂದು ಹೇಳುವ ಕ್ರಮವಂತೆ. ಸ್ವಾಮೀ, ಎದುರು ಬೆಟ್ಟ ಇಲ್ಲ ಇಲ್ಲಿ! ಎದುರು ಇರುವುದು ಇನ್ನೊಂದು ಕಟ್ಟಡ, ಕೆಳಗೆ ಇರುವುದು ನಾನು. ನೀನಲ್ಲಿದ್ದೀ ಎಂದು ನನಗೆ ಗೊತ್ತು, ನಿನ್ನ ಚಪ್ಪಲಿಯ ಸದ್ದಿನಲ್ಲೇ ಗೊತ್ತು.

ಅದಾದ ಮೇಲೆ ನಿಧಾನದ ಗುಂಯ್‌ಗುಡುವಿಕೆ. ಒಂದು ಗಂಟೆ. ರಾಗವೂ ಬದಲಾಗುವುದಿಲ್ಲ, ದುಃಖವೂ ಮುಗಿಯುವುದಿಲ್ಲ.

ಹಾಗೆಂದು ನಾನು ಸಂಗೀತ ಗೊತ್ತಿಲ್ಲದ ಕಾಡುಮನುಷ್ಯ ಅಂದುಕೊಳ್ಳಬೇಡಿ. ಇಗರ್ಜಿಯಲ್ಲಿ ಶುಕ್ರವಾರದ ಪೂಜೆಯ ಗಾಯನವೃಂದದಲ್ಲಿ ತಗ್ಗಿನ ದನಿ ನನ್ನದೇ. ನನ್ನ ಅಪ್ಪ ಊರಿನ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಅವರು ಮದುವೆಗೆ ಹೋದ ದಿನ ನಾವು ಮಕ್ಕಳು ಹಿತ್ತಿಲಲ್ಲಿ ಪಪ್ಪಾಯಿ ಎಲೆಯ ದಂಟು ಮುರಿದು ಪೀಪಿ ಮಾಡಿ, ತುಟಿಗೆ ಸೊನೆ ತಾಗಿ ತುರಿಸಿದರೂ ಬಿಡದೆ, ಅಪ್ಪನ ಹಾಗೆ ಕೆನ್ನೆ ಉಬ್ಬಿಸಿ ಮೆರವಣಿಗೆ ಹೋಗುತ್ತಿದ್ದೆವು. ಒಬ್ಬನು ಮದುಮಗ, ಕೋಳಿ ಮದುಮಗಳು. ಅಮ್ಮ ಒಲೆಯ ಮುಂದಿನಿಂದ ಕೂಗುತ್ತಿದ್ದರು, "ಆ ಕೋಳಿಯ ಪ್ರಾಣ ತೆಗೀಬೇಡಿ ಮಕ್ಳೇ, ಅದಕ್ಕೆ ಮೊಟ್ಟೆ ಇಡ್ಲಿಕ್ಕುಂಟು!" ನಮ್ಮ ಸಂಗೀತಕ್ಕೆ ಸಿಕ್ಕ ಮೊದಲ ವಿಮರ್ಶೆ ಅದು. ಯಾನೊನ ವಿಷಯದಲ್ಲಿ ನಾನು ಹೇಳಬೇಕಾದದ್ದೂ ಅದೇ. ಆದರೆ ಅದನ್ನು ಬಾಯಲ್ಲಿ ಹೇಳುವ ಧೈರ್ಯವಾಗದೆ ಕಾಗದದಲ್ಲಿ ಹೇಳಿದೆ.

ಪತ್ರ ಬರೆಯುವುದೇ ನನ್ನ ಕಸುಬು ತಾನೆ. ಕಟ್ಟಡದ ಆಫೀಸಿಗೆ 'ನಿವಾಸಿಗಳ ಪರವಾಗಿ' ಎಂದು ಒಂದು ಅರ್ಜಿ ಗೀಚಿದೆ. ನಿವಾಸಿಗಳು ಎಂದರೆ ನಾನೊಬ್ಬನೇ. ವಾರದೊಳಗೆ ಲಿಫ್ಟಿನಲ್ಲಿ ನೋಟೀಸು ಬಂತು, ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ: ಸಂಜೆ ನಾಲ್ಕರಿಂದ ಆರರವರೆಗೆ ಯಾರೂ ಮನೆಯಲ್ಲಿ ವಾದ್ಯ ನುಡಿಸಬಾರದು. ನಾಲ್ಕೂ ಬದಿಗೆ ಕಂದು ಟೇಪ್ ಹಚ್ಚಿ, ಭೂಕಂಪವಾದರೂ ಬೀಳದ ಹಾಗೆ ಅಂಟಿಸಿದ್ದರು. ನಾನು ದಿನಕ್ಕೆರಡು ಸಲ ಅದನ್ನು ಓದಿ ನನ್ನ ವಾಕ್ಯರಚನೆಗೆ ನಾನೇ ತಲೆದೂಗುತ್ತಿದ್ದೆ.

ನೋಟೀಸು ಬಿದ್ದ ಸಂಜೆಯೇ ಯಾನೊ ನಮ್ಮ ಬಾಗಿಲು ತಟ್ಟಿದ. ನಮ್ಮಿಬ್ಬರದೂ ಹರಕು ಇಂಗ್ಲಿಷ್. ಅದನ್ನು ಇಲ್ಲಿ ಕನ್ನಡಕ್ಕೆ ತಂದು ಮರ್ಯಾದೆ ಉಳಿಸಿದ್ದೇನೆ.

"ಮಿಸ್ಟರ್ ವಿಲ್ಲಿ, ಯಾರೋ ದೂರು ಕೊಟ್ಟಿದ್ದಾರೆ. ನಿಮಗೆ ಗೊತ್ತಾ ಯಾರೆಂದು?"

"ಛೆ ಛೆ, ಎಂಥ ಜನ!" ಎಂದೆ ನಾನು. ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

"ಈ ಕಟ್ಟಡದಲ್ಲಿ ಸಂಗೀತ ಗೊತ್ತಿರುವವರು ನೀವೊಬ್ಬರೇ. ಅದಕ್ಕೆ ನಿಮ್ಮ ಹತ್ತಿರ ಹೇಳಿಕೊಂಡೆ. ಹೋಗಲಿ, ಇನ್ನು ಮೇಲೆ ಆರು ಗಂಟೆಗೆ ಊದುತ್ತೇನೆ."

ಆರು ಗಂಟೆಗೆ ನಮ್ಮ ಮನೆಯಲ್ಲಿ ತೇರ್ಸ್, ಜಪಮಾಲೆಯ ಪ್ರಾರ್ಥನೆ. ಅಂದಿನಿಂದ ನಾನು ಮಂಡಿಯೂರಿ ಜಪಮಾಲೆ ಹಿಡಿದರೆ ಸಾಕು, ಮೇಲಿನಿಂದ ಸುರಿಯಿತು ರೊಸ್‌ಫುಕ್. ಮಾತೆ ಮರಿಯಳ ಹೆಸರು ಅರ್ಧ ಬಾಯಲ್ಲಿ, ಯಾನೊನ ಹೆಸರು ಪೂರ್ತಿ ಮನಸ್ಸಿನಲ್ಲಿ. ಮಾಡಿದ್ದುಣ್ಣೋ ಮಹಾರಾಯ! ಐರಿನ್‌ಗೆ ಮಾತ್ರ ಖುಷಿ. "ಶ್ರುತಿಪೆಟ್ಟಿಗೆ ಇಟ್ಟ ಹಾಗೆ ಉಂಟಲ್ವಾ?" ಎನ್ನುತ್ತಾಳೆ. ಇವಳಿಗೆ ಏನನ್ನಬೇಕು ಹೇಳಿ.

ಒಮ್ಮೆ ನನ್ನ ಕಾರು ಗ್ಯಾರೇಜಿಗೆ ಹೋದಾಗ ಯಾನೊನೇ ನನ್ನನ್ನು ಸೀಫ್‌ಗೆ ಬಿಡಲು ಬಂದ. ಅವನ ಅವಾಲಿ ಒಂದು ದಿಕ್ಕು, ನನ್ನ ಸೀಫ್ ಇನ್ನೊಂದು ದಿಕ್ಕು, ಬೇಡವೆಂದರೂ ಕೇಳಲಿಲ್ಲ. ಉಪಕಾರ ಅಂತ ಹತ್ತಿ ಕುಳಿತರೆ ಕಾರಿನಲ್ಲೂ ಬಿಡುಗಡೆಯಿಲ್ಲ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಇಡೀ ಸ್ಲೊವಾಕಿಯಾ ಕೇಳಿಸಿದ. ಮೊದಲು ಹೆಂಗಸರ ಹಾಡು, ಹುಲ್ಲು ಕೊಯ್ಯುವಾಗ ಒಂದು ಗುಡ್ಡದಿಂದ ಇನ್ನೊಂದಕ್ಕೆ ಗಂಟಲು ಬಿಚ್ಚಿ ಹೇಳುವುದು. ಆಮೇಲೆ ಕುರಿಯ ಚರ್ಮದ ಚೀಲಕ್ಕೆ ಗಾಳಿ ತುಂಬಿ ಕಂಕುಳಲ್ಲಿ ಹಿಂಡುವ ವಾದ್ಯ. ಆಮೇಲೆ ಮೇಜಿನಷ್ಟು ದೊಡ್ಡ ತಂತಿವಾದ್ಯಕ್ಕೆ ಕೋಲಿನಲ್ಲಿ ಬಡಿಯುವ ಮೇಳ. ಅದರ ಜೊತೆ ಪಿಟೀಲಿನವರು ಹಿಂದಿನಿಂದ ನಾಯಿ ಅಟ್ಟಿಸಿದ ಹಾಗೆ ಓಡುತ್ತಾರೆ. ನನ್ನ ಕಾಲು ತಾಳ ಹಾಕಿದ್ದನ್ನು ಅವನು ನೋಡಿಬಿಟ್ಟ. ನಾನು ಕಾಲನ್ನು ಸೀಟಿನಡಿಗೆ ಎಳೆದುಕೊಂಡೆ.

ಒಂದು ಹಾಡು ಬಂದಾಗ ದನಿ ತಗ್ಗಿಸಿ ಹೇಳಿದ, ಇದು ಮದುವೆಯದ್ದೆಂದು. ಮದುಮಗಳ ತಲೆಯ ಹೂಮಾಲೆ ತೆಗೆದು ಮುತ್ತೈದೆಯರ ಟೊಪ್ಪಿ ಇಡುವಾಗ ಹೆಂಗಸರು ಹಾಡುತ್ತಾರಂತೆ, ಮದುಮಗಳು ಅಳಲೇಬೇಕಂತೆ.

"ನಮ್ಮಲ್ಲೂ ಉಂಟು," ಎಂದೆ ಬಾಯಿ ತಪ್ಪಿ. "ಮದುವೆಯ ಹಿಂದಿನ ದಿನ ರೋಸ್. ತೆಂಗಿನ ಹಾಲು ತಲೆಗೆ ಹೊಯ್ಯುತ್ತಾರೆ, ಎಣ್ಣೆ ಹಚ್ಚುತ್ತಾರೆ, ಚಿಕ್ಕಮ್ಮಂದಿರು ಸುತ್ತ ನಿಂತು ಹಾಡುತ್ತಾರೆ. ನನ್ನ ರೋಸ್‌ನಲ್ಲಿ ಕಣ್ಣಿಗೆ ಹಾಲು ಹೋಗಿ ನಾನೂ ಅತ್ತಿದ್ದೆ."

"ತೆಂಗಿನ ಹಾಲು? ತಲೆಗೆ?" ಅವನು ಬ್ರೇಕ್ ಒತ್ತಿ ನನ್ನ ತಲೆಯನ್ನೇ ನೋಡಿದ. ಹಿಂದಿನ ಕಾರಿನವನು ಹಾರ್ನ್ ಹೊಡೆದ.

ಕೊನೆಗೆ ಬಂದದ್ದು ಅವನ ತಂಗಿಯ ಮಗನ ಹಾಡು. ಬ್ರಾಟಿಸ್ಲಾವಾದಲ್ಲಿರುವ ಆ ಹುಡುಗ ಕಂಪ್ಯೂಟರಿನಲ್ಲಿ ಸಂಗೀತ ಮಾಡುತ್ತಾನಂತೆ. ಕಾರಿನ ಬಾಗಿಲು ನಡುಗುವ ಢಂಢಂ, ಅದರ ಮೇಲೆ ಯಾರೋ ಸಾಲಗಾರನನ್ನು ಬೈಯುವ ವೇಗದಲ್ಲಿ ರ‍್ಯಾಪ್, ಇದ್ದಕ್ಕಿದ್ದ ಹಾಗೆ ನಡುವೆ ಎಲ್ಲ ನಿಂತು, ಅದೇ ಗುಂಯ್! ಅದೇ ಫುಯಾರಾ. "ನನ್ನದೇ," ಎಂದ ಯಾನೊ, ಹೆಮ್ಮೆಯಿಂದ. "ಅವನು ರೆಕಾರ್ಡ್ ಮಾಡಿಕೊಂಡು ಹೋಗಿದ್ದ. ಅಪ್ಪನಿಗೆ ಕೇಳಿಸಿದೆವು. ಅಪ್ಪ ಹೇಳಿದರು, ಕೊಳಲು ಒಳ್ಳೆಯದುಂಟು, ಉಳಿದದ್ದು ತೆಗೆದುಬಿಡಿ ಅಂತ." ಆ ಅಪ್ಪನ ಮೇಲೆ ನನಗೆ ಆ ಕ್ಷಣವೇ ಗೌರವ ಹುಟ್ಟಿತು.

ಫುಯಾರಾ ಮಾಡಿದ್ದು ಆ ಅಪ್ಪನೇ. ಹರೆಯದಲ್ಲಿ ಕುರಿ ಕಾದವರು, ಆಮೇಲೆ ಮರದ ಕಾರ್ಖಾನೆಯಲ್ಲಿ ದುಡಿದವರು. ಯಾನೊನಿಗೆ ಹದಿನೆಂಟಾದಾಗ ಅವನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದು, ಚಳಿಗಾಲದಲ್ಲಿ ಕಡಿದು ವರ್ಷಗಟ್ಟಲೆ ಒಣಗಿಸಿದ ಕೊಂಬೆಯನ್ನು ಕೊರೆದು, ಮೈತುಂಬ ಎಲೆ ಬಳ್ಳಿ ಕೆತ್ತಿ ಕೊಟ್ಟದ್ದಂತೆ. ನನ್ನ ಅಪ್ಪನೂ ಕ್ಲಾರಿನೆಟ್ ಊದುತ್ತಿದ್ದರು ಎಂದೆ. ಅದು ಏನಾಯಿತು ಎಂದು ಯಾನೊ ಕೇಳಿದ. ನಾನು ಟ್ರಾಫಿಕ್ಕಿನ ಬಗ್ಗೆ ಮಾತು ತೆಗೆದೆ. ನಿಮಗಾದರೂ ಹೇಳುತ್ತೇನೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಅಟ್ಟಕ್ಕೆ ಹಾಕಿದೆವು. ಅವರು ಹೋದ ಮೇಲೆ ತೆಗೆದು ನೋಡಿದರೆ ಪೆಟ್ಟಿಗೆಗೆ ಗೆದ್ದಲು. ಅವರು ಮಲಗಿದ್ದ ನಾಲ್ಕು ತಿಂಗಳಲ್ಲಿ ಒಮ್ಮೆ, ಒಂದೇ ಒಂದು ಸಲ, ಅದನ್ನು ಅವರ ಮುಂದೆ ಯಾರಾದರೂ ಊದಬೇಕಿತ್ತು ಎಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಜುಲೈಯಲ್ಲಿ ಒಂದು ಮಧ್ಯಾಹ್ನ ಯಾನೊ ಆ ಆರಡಿ ಕೊಳವೆಯನ್ನು ಅಪ್ಪಿಕೊಂಡು ನಮ್ಮ ಬಾಗಿಲಲ್ಲಿ ನಿಂತ. ಅಪ್ಪನಿಗೆ ತೀರಾ ಹುಷಾರಿಲ್ಲ, ಇವತ್ತೇ ಹೊರಡುತ್ತೇನೆ, ಇಷ್ಟುದ್ದದ ಮರವನ್ನು ವಿಮಾನದವರು ಈಗಿಂದೀಗ ಒಪ್ಪುವುದಿಲ್ಲ, ಮುಚ್ಚಿದ ಮನೆಯ ಸೆಕೆಯಲ್ಲಿಟ್ಟರೆ ಒಡೆದುಹೋಗುತ್ತದೆ ಎಂದ. "ನಿಮ್ಮ ಹಾಲಿನಲ್ಲಿ ಎಸಿ ಇರುತ್ತದಲ್ಲ, ಅಲ್ಲಿ ನಿಲ್ಲಲಿ. ಬಿಸಿಲು ಮಾತ್ರ ಬೇಡ. ಮರ ಒಣಗಿದ ಹಾಗೆ ಕಂಡರೆ ಸ್ವಲ್ಪ ಎಣ್ಣೆ ಹಚ್ಚಿ." ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡ. "ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೆ ಕೊಡಲಿ, ಮಿಸ್ಟರ್ ವಿಲ್ಲಿ?"

ಅವನು ಹೋದ ಮೇಲೆ ಐರಿನ್ ಆ ಕೊಳವೆಯನ್ನೂ ನನ್ನ ಮುಖವನ್ನೂ ಒಂದೊಂದು ಸಲ ನೋಡಿ, ಒಳಗೆ ಹೋದಳು. ಬೈದಿದ್ದರೆ ಆಗುತ್ತಿತ್ತು.

ಮೂರು ವಾರ ಕಳೆದಾಗ ಮರ ಬಿಳಿಚಿಕೊಂಡ ಹಾಗೆ ಕಂಡಿತು. ಎಣ್ಣೆ ಎಂದಿದ್ದನಲ್ಲ. ಯಾವ ಎಣ್ಣೆ ಎಂದು ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ನಮ್ಮ ಕಡೆಯವನಿಗೆ ಎಣ್ಣೆ ಎಂದರೆ ಜಗತ್ತಿನಲ್ಲಿ ಇನ್ನೊಂದು ಇದೆಯೇ? ಹುಟ್ಟಿದ ಮಗುವಿನ ನೆತ್ತಿಗೆ ಅದೇ, ಮದುಮಗನ ತಲೆಗೆ ಅದೇ, ಕಿರುಗುಟ್ಟುವ ಬಾಗಿಲಿಗೆ, ಕೆಮ್ಮಿದವನ ಎದೆಗೆ, ಮೀನಿನ ಬಾಣಲೆಗೆ ಅದೇ. ಇನ್ನು 'ಸ್ವಲ್ಪ' ಎಂಬ ಮಾತು. ತೆಂಗಿನೆಣ್ಣೆಯ ವಿಷಯದಲ್ಲಿ ಆ ಮಾತಿಗೆ ನಮ್ಮಲ್ಲಿ ಅರ್ಥವೇ ಇಲ್ಲ. ಶನಿವಾರ ಅಮ್ಮ ಎಣ್ಣೆ ಹಚ್ಚಿದರೆ ಕಿವಿಯೊಳಗಿನಿಂದ ಇಳಿದು ಹಿಮ್ಮಡಿಯಲ್ಲಿ ತೊಟ್ಟಿಕ್ಕಬೇಕು, ಆಗಲೇ ಹಚ್ಚಿದ್ದು ಎಂದು ಲೆಕ್ಕ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದೆ. ಮೈಗೆಲ್ಲ ತಿಕ್ಕಿದೆ. ಹೊರಗೆ ಇಷ್ಟು ಒಣಗಿದ್ದರೆ ಒಳಗೆ ಇನ್ನೆಷ್ಟು ಒಣಗಿರಬೇಡ ಎಂದು ಕನಿಕರಪಟ್ಟು ಊದುವ ಬಾಯಿಯಿಂದ ಅಷ್ಟು, ಮೇಲಿನ ಸೀಳಿನಿಂದ ಅಷ್ಟು ಹೊಯ್ದೆ. ಅರ್ಧ ಬಾಟಲಿ. ಕೊಳಲು ಕನ್ನಡಿಯ ಹಾಗೆ ಹೊಳೆಯಿತು. ಸಂತೋಷದಿಂದ ಅದನ್ನು ಎತ್ತಿ ಎಸಿಯ ನೇರ ಕೆಳಗೆ ನಿಲ್ಲಿಸಿದೆ.

ಹೌದು. ಎಸಿಯ ನೇರ ಕೆಳಗೆ. ನೀವು ನಗುತ್ತಿದ್ದೀರಿ. ಎಣ್ಣೆ ಗಟ್ಟಿಯಾಗುತ್ತದೆಂದು ಹುಟ್ಟಿದಂದಿನಿಂದ ಗೊತ್ತಿರುವ ಮನುಷ್ಯ ನಾನು. ಗೊತ್ತಿರುವುದು ಬೇರೆ, ಹೊಳೆಯುವುದು ಬೇರೆ.

ಅದಾಗಿ ನಾಲ್ಕನೆಯ ದಿನ, ಗುರುವಾರ ಸಂಜೆ, ಯಾನೊನ ಫೋನು. ದನಿ ಬಳಲಿತ್ತು. "ಅಪ್ಪ ಮಾತು ನಿಲ್ಲಿಸುತ್ತಾ ಬಂದಿದ್ದಾರೆ. ಮನೆಯಲ್ಲಿದ್ದ ಬೇರೆ ಫುಯಾರಾ ಊದಿದೆ. ಇದಲ್ಲ, ನಿನ್ನದು ಎಲ್ಲಿ ಅನ್ನುತ್ತಾರೆ. ಅದರ ದನಿ ಕೇಳಬೇಕಂತೆ. ಮಿಸ್ಟರ್ ವಿಲ್ಲಿ, ಹಾಡು ಬೇಡ. ಮೂರೂ ತೂತು ಮುಚ್ಚಿ ಮೆಲ್ಲಗೆ ಒಮ್ಮೆ ಊದಿದರೆ ಸಾಕು. ನಾಳೆ ನಿಮ್ಮ ಹನ್ನೆರಡು ಗಂಟೆಗೆ ವಿಡಿಯೋದಲ್ಲಿ ಬರುತ್ತೇವೆ. ಡಾಕ್ಟರು ಹೆಚ್ಚು ದಿನ ಹೇಳಿಲ್ಲ."

"ಅಷ್ಟೇ ತಾನೆ," ಎಂದೆ. ಫೋನ್ ಇಟ್ಟು, ಒಂದು ಅಭ್ಯಾಸವಾಗಲಿ ಎಂದು ಕೊಳಲಿಗೆ ಬಾಯಿಟ್ಟು ಊದಿದೆ.

ಗಾಳಿ ಒಳಗೆ ಹೋಗಲೇ ಇಲ್ಲ. ಗೋಡೆಗೆ ಬಾಯಿಟ್ಟು ಊದಿದಂತಾಯಿತು. ಇನ್ನೂ ಜೋರಾಗಿ ಊದಿದೆ, ಕಿವಿ ಮುಚ್ಚಿಕೊಂಡಿತು, ಕಣ್ಣಿಗೆ ಕತ್ತಲೆ ಬಂತು. ಮೇಲಿನ ಸೀಳಿನಲ್ಲಿ ಟಾರ್ಚ್ ಹಾಕಿ ನೋಡಿದರೆ ಒಳಗೆ ಬೆಳ್ಳಗೆ, ಕಲ್ಲಿನ ಹಾಗೆ, ತುಂಬಿ ಕುಳಿತಿದೆ ನಮ್ಮ ಊರಿನ ಎಣ್ಣೆ.

ಐರಿನ್ ಬಂದು ನೋಡಿದಳು. ಕನ್ನಡ ತೆಗೆದಳು. "ಅವರು ಎಂತ ತಿಳ್ಕೊಳ್ತಾರೆ ಹೇಳಿ. ಅರ್ಜಿ ಕೊಟ್ಟದ್ದೂ ನೀವು, ಈಗ ಅದರ ಬಾಯಿ ಕಟ್ಟಿದ್ದೂ ನೀವು. ಬೇಕಂತಲೇ ಮಾಡಿದ್ದಲ್ಲ ಅಂತ ಯಾರು ನಂಬ್ತಾರೆ? ನಾನೇ ನಂಬುದಿಲ್ಲ!"

"ನನಗೆ ಹಾಗೆ ಮನಸ್ಸಿರಲಿಲ್ಲ ಐರಿನ್."

"ನಿಮಗೆ ಮನಸ್ಸಿದ್ರೆ ಎಂತ, ಇಲ್ಲದಿದ್ರೆ ಎಂತ? ಅಲ್ಲಿ ಆ ಅಜ್ಜ ಕಾಯ್ತಾ ಇದ್ದಾರೆ."

ಅವಳ ಹೇರ್ ಡ್ರೈಯರ್ ಹಿಡಿದೆವು. ತುದಿಯಲ್ಲಿ ನಾಲ್ಕು ಹನಿ ಕರಗಿತು, ನಡುವಿನದ್ದು ಅಲುಗಲಿಲ್ಲ. ಹಮೀದ್ ಬ್ಯಾರಿ ಮೇಲೆ ಬಂದು ನೋಡಿ, "ಒಂದು ಕಬ್ಬಿಣದ ಸರಿಗೆ ಹಾಕಿ ಕುತ್ತುವ ಪೊರ್ಬುಗಳೇ," ಎಂದರು. ಒಳಗಿನ ಸೀಳನ್ನು ಯಾನೊನ ಅಪ್ಪ ಎಷ್ಟು ನಾಜೂಕಾಗಿ ಕೊರೆದಿದ್ದರೋ, ಒಂದು ಗೀರು ಬಿದ್ದರೆ ಮುಗಿಯಿತು. ಬೇಡವೆಂದೆ. ಹೊರಗೆ ಬಿಸಿಲಿಗಿಟ್ಟರೆ ಖಂಡಿತ ಕರಗುತ್ತದೆ. ಆದರೆ ಬಿಸಿಲು ಬೇಡ, ಒಡೆಯುತ್ತದೆ ಎಂದು ಯಾನೊ ಕೈ ಹಿಡಿದು ಹೇಳಿ ಹೋಗಿದ್ದಾನೆ. ಇಡದಿದ್ದರೆ ಮೂಕ, ಇಟ್ಟರೆ ಸೀಳು. ಅತ್ತ ದರಿ, ಇತ್ತ ಪುಲಿ.

ಶುಕ್ರವಾರ ಬೆಳಿಗ್ಗೆ ಎದ್ದಾಗ ನೆನಪಾದದ್ದು ಅಮ್ಮ. ಡಿಸೆಂಬರಿನಲ್ಲಿ ಮನೆಯ ಎಣ್ಣೆ ಗಟ್ಟಿಯಾದರೆ ಅವರು ಕುಪ್ಪಿಗೆ ಒದ್ದೆ ಬಟ್ಟೆ ಸುತ್ತಿ, ಕಾದ ಬಾವಿಕಟ್ಟೆಯ ನೆರಳಿನ ಬದಿಯಲ್ಲಿ ಮಲಗಿಸಿ, ನನ್ನನ್ನು ಕಾವಲಿಗೆ ಕೂರಿಸುತ್ತಿದ್ದರು. "ಬಿಸಿಲು ಕಾಣ್ಬಾರ್ದು, ಸೆಕೆ ಮಾತ್ರ ತಾಗ್ಬೇಕು. ಮಗ್ಗುಲು ಮಗುಚ್ತಾ ಇರು." ಕಾಗೆ ಓಡಿಸುವ ಕೆಲಸವೆಂದು ನಾನು ಗೊಣಗುತ್ತಿದ್ದೆ.

ಪೂಜೆ ತಪ್ಪಿಸಿದೆ. ಗಾಯನವೃಂದದವರ ಫೋನಿಗೆ ಐರಿನ್ ಏನು ಸುಳ್ಳು ಹೇಳಿದಳೋ ಅವಳಿಗೇ ಗೊತ್ತು. ಅವಳ ದೊಡ್ಡ ಸ್ನಾನದ ಟವೆಲನ್ನು ನೆನೆಸಿ ಹಿಂಡಿ ಕೊಳಲಿಗೆ ಸುತ್ತಿ, ಎಂಟು ಗಂಟೆಗೆ ಬಾಲ್ಕನಿಯ ನೆರಳಿನಲ್ಲಿ ಎರಡು ಸ್ಟೂಲಿನ ಮೇಲೆ ಓರೆಯಾಗಿ ಮಲಗಿಸಿದೆ. ತುದಿ ಕಂಬಿಯ ಹೊರಗೆ. ಐದು ನಿಮಿಷಕ್ಕೊಮ್ಮೆ ಮಗುಚುವುದು, ಟವೆಲಿಗೆ ನೀರು ಚಿಮುಕಿಸುವುದು. ಆಗಸ್ಟಿನ ಸೆಕೆ. ಕನ್ನಡಕ ಮಂಜಾಗಿ ಏನೂ ಕಾಣದು. ಬೆವರಿನಲ್ಲಿ ಮಿಂದು, ಬನಿಯನ್ನಿನಲ್ಲಿ ಕುಳಿತು, ಎಲ್ಲಿಯೋ ಇರುವ ಯಾರದೋ ಅಪ್ಪನಿಗಾಗಿ ಮರದ ಕೊಳವೆಯೊಂದಕ್ಕೆ ಶುಶ್ರೂಷೆ ಮಾಡುತ್ತಾ, ನನ್ನ ಹಣೆಬರಹಕ್ಕೆ ನಾನೇ ಬೈದುಕೊಂಡೆ. ಮರ ಎಲ್ಲಾದರೂ 'ಚಟ್' ಎಂದರೆ ಎಂಬ ಭಯದಿಂದ ಕಿವಿ ಮಾತ್ರ ಅದರ ಮೇಲೇ.

ಹತ್ತೂವರೆಗೆ ಕೆಳಗಿನಿಂದ ಹಮೀದ್ ಬ್ಯಾರಿಯ ಕೂಗು. "ಪೊರ್ಬುಗಳೇ! ಎಸಿ ನೀರು ಬೀಳ್ತಾ ಉಂಟು ಅಂತ ನೋಡಿದ್ರೆ ತೆಂಗಿನೆಣ್ಣೆ ಮಾರಾಯ್ರೆ! ನನ್ನ ಕಾರಿಗೆ ಅಭಿಷೇಕ ಆಗ್ತಾ ಉಂಟು!"

"ಬೀಳ್ತಾ ಉಂಟಾ?" ನಾನು ಕಂಬಿಯಿಂದ ಬಗ್ಗಿ ಕೂಗಿದೆ. "ನಿಜವಾಗ್ಲೂ ಬೀಳ್ತಾ ಉಂಟಾ ಬ್ಯಾರಿಗಳೇ?"

"ಇದಕ್ಕೆ ಖುಷಿ ಎಂತದು ನಿಮಗೆ?"

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಟವೆಲ್ ಬಿಚ್ಚಿದೆ. ಸೀಳು ಬಿದ್ದಿರಲಿಲ್ಲ. ಊದಿದೆ. ಬುಳುಬುಳು ಎಂದು ಎಣ್ಣೆಯ ಒಂದು ಉಂಡೆ ಹಾರಿ ನನ್ನ ಕನ್ನಡಕದ ಮೇಲೆ ಬಿತ್ತು. ಇನ್ನೊಮ್ಮೆ ಊದುವುದರೊಳಗೆ ಫೋನ್ ಬಂತು. ಐರಿನ್ ಹಿಡಿದುಕೊಂಡಳು.

ಸಣ್ಣ ಪರದೆಯಲ್ಲಿ ಒಂದು ದಿಂಬು, ದಿಂಬಿನಲ್ಲಿ ಮುಳುಗಿದ ಬಿಳಿ ತಲೆ. ಕಣ್ಣು ಮುಚ್ಚಿತ್ತು. ಹೊದಿಕೆಯ ಮೇಲೆ ದೊಡ್ಡ ದೊಡ್ಡ ಬೆರಳಿನ ಕೈ. ಪಕ್ಕದಲ್ಲಿ ಯಾನೊ, ಗಡ್ಡ ಬೆಳೆದಿತ್ತು. ನಾನು ಮೂರೂ ತೂತು ಮುಚ್ಚಿ, ಗಾಯನವೃಂದದ ಎದೆ ಉಬ್ಬಿಸಿ, ಶಕ್ತಿಯಿದ್ದಷ್ಟು ಊದಿದೆ. 'ಬುಸ್' ಎಂದಿತು. ಅಷ್ಟೇ.

ಮುದುಕನ ತುಟಿ ಅಲುಗಿತು.

"ಮೆಲ್ಲಗೆ, ಅನ್ನುತ್ತಾರೆ," ಎಂದ ಯಾನೊ.

ಮೆಲ್ಲಗೆ ಊದಿದೆ. ಮಗುವಿನ ಗಾಯಕ್ಕೆ ಊದುವಷ್ಟು. ಆಗ ಬಂತು ನೋಡಿ. ಕೊಳಲಿನಿಂದ ಬಂತೋ ನೆಲದಿಂದ ಬಂತೋ ತಿಳಿಯಲಿಲ್ಲ. ಮೊಣಕಾಲಿನಿಂದ ಎದ್ದು ಎದೆಗೂಡಿಗೆ ತಾಗಿತು. ಎರಡು ವರ್ಷ ತಲೆಯ ಮೇಲಿನಿಂದ ಕೇಳಿ ಶಪಿಸಿದ್ದ ದನಿ, ಒಳಗಿನಿಂದ ಕೇಳಿದರೆ ಹೀಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಉಸಿರು ಮುಗಿಯುವವರೆಗೂ ಊದಿದೆ. ಪರದೆಯಲ್ಲಿ, ಹೊದಿಕೆಯ ಮೇಲಿದ್ದ ಆ ಕೈಯ ಮೂರು ಬೆರಳು ಒಂದೊಂದಾಗಿ ಅಲುಗಿದವು. ಏಳುವುದು, ಒತ್ತುವುದು. ನಾನು ಮತ್ತೆ ಊದಿದೆ. ಅಪ್ಪನ ನೆನಪಾಗಿ ಅಳು ಬಂತು. ಅಳುತ್ತಾ ಕೊಳಲೂದುವುದು ಬಹಳ ಕಷ್ಟ.

ನಿಲ್ಲಿಸಿದಾಗ ಮುದುಕ ಕಣ್ಣು ತೆರೆಯದೆಯೇ ಒಂದು ಮಾತು ಹೇಳಿದರು. ಯಾನೊ ನಕ್ಕ, ನಗುತ್ತಲೇ ಮುಖ ಆಚೆ ತಿರುಗಿಸಿಕೊಂಡ.

"ಏನಂತೆ?" ಎಂದೆ.

"ಎಣ್ಣೆ ಜಾಸ್ತಿಯಾಯಿತು, ಅನ್ನುತ್ತಾರೆ."

ಮುಂದಿನ ವಾರ ಅವರು ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಯಾನೊ ಬಂದ, ಕೊಳಲು ತೆಗೆದುಕೊಂಡು ಹೋದ. ನಾನು ಸೋಫಾದಲ್ಲಿ ಅಡ್ಡಾಗಿ ಐದು ಗಂಟೆಗೆ ಕಾದೆ. ಇಲ್ಲ. ತೇರ್ಸಿಗೆ ಕುಳಿತು ಆರು ಗಂಟೆಗೆ ಕಾದೆ. ಇಲ್ಲ. ಎರಡು ವಾರ, ಮೂರು ವಾರ. ದುಃಖವಿರಬಹುದು ಎಂದುಕೊಂಡೆ. ಆದರೆ ಆ ಮೌನದಲ್ಲಿ ನನಗೆ ಒಂದು ದಿನವೂ ಜೊಂಪು ಹತ್ತಲಿಲ್ಲ. ಈಗ ಊದುತ್ತಾನೆ, ಈಗ ಊದುತ್ತಾನೆ ಎಂದು ಕಾಯುವವನಿಗೆ ನಿದ್ದೆ ಎಲ್ಲಿಂದ? ಊದಿಯೂ ಕೆಡಿಸಿದ, ಊದದೆಯೂ ಕೆಡಿಸಿದ. ಕೊನೆಗೆ ಮೆಟ್ಟಿಲಲ್ಲಿ ಹಿಡಿದು ಕೇಳಿಯೇಬಿಟ್ಟೆ.

"ಯಾವಾಗ ಊದಲಿ, ಮಿಸ್ಟರ್ ವಿಲ್ಲಿ?" ಎಂದ ಅವನು. "ಆರರವರೆಗೆ ಲಿಫ್ಟಿನ ಕಾಗದ ಬೇಡ ಅನ್ನುತ್ತದೆ. ಆರಕ್ಕೆ ನಿಮ್ಮ ಪ್ರಾರ್ಥನೆ ಎಂದು ನನಗೆ ಈಗ ಗೊತ್ತು. ಏಳಕ್ಕೆ ಮೇಲಿನ ಮನೆಯ ಮಗು ಮಲಗುತ್ತದೆ. ಇರಲಿ ಬಿಡಿ." ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ಆಫೀಸಿನಿಂದ ಬಂದವನೇ ಲಿಫ್ಟಿನಲ್ಲಿ ನಿಂತು ನೋಟೀಸಿಗೆ ಉಗುರು ಹಾಕಿದೆ. ಟೇಪು ಚೂರು ಚೂರಾಗಿ ಬಂತು, ಅಂಟು ಬರಲಿಲ್ಲ. ಹಮೀದ್ ಬ್ಯಾರಿ ಅಂಗಡಿಯಿಂದ ಇಣುಕಿದರು.

"ಹಾಕಿಸಿದ್ದು ನೀವೇ ಅಲ್ವಾ ಪೊರ್ಬುಗಳೇ?"

"ಮೆಲ್ಲಗೆ ಮಾತಾಡಿ ಬ್ಯಾರಿಗಳೇ. ಒಂದು ಬ್ಲೇಡ್ ಕೊಡಿ."

"ಬ್ಲೇಡ್ ಬೇಡ, ಗೀರು ಬೀಳ್ತದೆ. ಇದು ಹಾಕಿ ತಿಕ್ಕಿ, ಅಂಟು ಬಿಡ್ತದೆ." ಕೈಗಿತ್ತದ್ದು ಏನೆಂದು ಬೇರೆ ಹೇಳಬೇಕೇ? ತೆಂಗಿನೆಣ್ಣೆ.

ಹೊಯ್ದೆ, ತಿಕ್ಕಿದೆ. ಅಂಟು ಬಿಟ್ಟಿತು. ಕಾಗದ ಕೈಗೆ ಬಂದಾಗ ಗೋಡೆಯ ಮೇಲೆ ಎಣ್ಣೆ ನೆಲದವರೆಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಒಳಗೆ ಬಂದವನು ಯಾನೊ, ಕೈಯಲ್ಲಿ ಬ್ರೆಡ್ಡಿನ ಚೀಲ. ಬಾಗಿಲು ಮುಚ್ಚಿತು. ಅವನು ನನ್ನ ಕೈಯಲ್ಲಿದ್ದ ಕಾಗದ ನೋಡಿದ, ಎಣ್ಣೆಯಲ್ಲಿ ಮಿಂದ ನನ್ನ ಬೆರಳು ನೋಡಿದ. ಮೊದಲ ಮಾಳಿಗೆ ದಾಟಿತು. ಎರಡನೆಯದರಲ್ಲಿ ಬಾಗಿಲು ತೆರೆಯಿತು, ನನಗೆ ಇಳಿಯಲಾಗಲಿಲ್ಲ. ಮುಚ್ಚಿತು.

"ಆ ದೂರು ಕೊಟ್ಟವನು ನಾನೇ, ಯಾನೊ," ಎಂದೆ.

ಅವನು ಗೋಡೆಯ ಕಡೆ ಬಗ್ಗಿ ಮೂಸಿದ. ಬೆರಳಿನಿಂದ ಎಣ್ಣೆಯನ್ನು ಮೆಲ್ಲಗೆ ಮುಟ್ಟಿ, ಬೆಳಕಿಗೆ ಹಿಡಿದು, ಅವನ ಅಪ್ಪನ ಹಾಗೆಯೇ ಕಣ್ಣು ಮುಚ್ಚಿ ಹೇಳಿದ:

"ಜಾಸ್ತಿಯಾಯಿತು."

ಮೂರನೆಯ ಮಾಳಿಗೆಯಲ್ಲಿ ಇಳಿದು ಹೋದ. ನಾನು ಕೆಳಗೆ ಬಂದು, ಕೈ ತೊಳೆದು, ಸೋಫಾದಲ್ಲಿ ಅಡ್ಡಾದೆ. ಐದಕ್ಕೆ ಸರಿಯಾಗಿ ಮೇಲಿನಿಂದ ದಡದಡನೆ ಸುರಿಯಿತು. ನಾನು ಇಲ್ಲಿದ್ದೇನೆ, ನಾನು ಇಲ್ಲಿದ್ದೇನೆ.

"ಗೊತ್ತು ಮಾರಾಯ," ಎಂದೆ ಸೂರು ನೋಡುತ್ತಾ. "ಗೊತ್ತುಂಟು. ಊದು."